ಅವರೆಲ್ಲರೂ ಬಾವುಲರಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಬಂಗಾಳದ ಬಾವುಲರ, ಅಂದರೆ ಹಾಡನ್ನೇ ಸಾಧನೆ ಮಾಡಿಕೊಂಡ ಪಂಥದವರ, ಬಗ್ಗೆ ಬಂದ ಲೇಖನ ಓದಿದೆ. ಕನ್ನಡ ಪತ್ರಿಕೆಯೊಂದು ಈ ವಿಷಯಕ್ಕೆ ಇಡೀ ಒಂದು ಪುಟ ಕೊಟ್ಟಿದ್ದು ನೋಡಿ ಖುಷಿಯಾಯಿತು. ಫೋಟೊಗಳೂ ಚೆನ್ನಾಗಿದ್ದವು. ಆದರೆ ಓದಿ ಮುಗಿಸಿದ ಮೇಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಎರಡು ದಿನ ಸುಮ್ನಿದ್ದೆ, ಆಮೇಲೆ ತಡೆಯಲಾಗದೆ ಕೂತು ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ. ಪೂರ್ತಿ ಹಾಕಲು ಜಾಗ ಇಲ್ಲದಿದ್ದರೆ ಬಲಾಹಾಡಿ ಅನ್ನುವ ಸಣ್ಣ ಪಂಥದ ಬಗ್ಗೆ ಬರೆದದ್ದನ್ನಾದರೂ ಉಳಿಸಿ, ಯಾಕೆಂದರೆ ಅವರ ಹೆಸರು ಕನ್ನಡದಲ್ಲಿ ನಾನು ಎಲ್ಲೂ ಓದಿಲ್ಲ.

ಲೇಖನದ ಪ್ರಕಾರ ಬಂಗಾಳದ ಹಳ್ಳಿಗಳಲ್ಲಿ ಏಕತಾರಿ ಹಿಡಿದು ಹಾಡುವವರೆಲ್ಲ ಬಾವುಲರು. ಎಲ್ಲರದೂ ಕಾವಿ ನಿಲುವಂಗಿ, ಎಲ್ಲರೂ ಮನೆಮಠ ಬಿಟ್ಟ ಅಲೆಮಾರಿಗಳು, ದೇವರ ಹುಚ್ಚು ಹಿಡಿದವರು. ಇದು ಸರಿಯಲ್ಲ. ಅದರಲ್ಲೂ ಪುಟದ ಬಲಗಡೆ ಚೌಕಟ್ಟು ಹಾಕಿ ಒಂದು ಹಾಡು ಕೊಟ್ಟಿದ್ದೀರಲ್ಲ, 'ಮುಳುಗು ಮನವೇ, ದೇವರ ಸೌಂದರ್ಯದ ಕಡಲಲ್ಲಿ' ಅಂತ ಶುರುವಾಗುವುದು, ಅದರ ಕೆಳಗೆ 'ಅಜ್ಞಾತ ಬಾವುಲ್ ಗೀತೆ' ಅಂತ ಇದೆ. ಆ ಹಾಡು ಅಜ್ಞಾತರದ್ದಲ್ಲ. ಬಾವುಲರದ್ದೂ ಅಲ್ಲ. ಮೂಲದಲ್ಲಿ 'ದೇವರ' ಅನ್ನುವ ಪದವೂ ಇಲ್ಲ.

ನನಗೆ ಇದು ಹೇಗೆ ಗೊತ್ತು ಅಂತ ಹೇಳಿಬಿಡುತ್ತೇನೆ. 1990ರ ದಶಕದಲ್ಲಿ ಬ್ಯಾಂಕ್ ಕೆಲಸದ ಮೇಲೆ ಮೂರು ವರ್ಷ ನದಿಯಾ ಜಿಲ್ಲೆಯ ಕೃಷ್ಣನಗರದಲ್ಲಿದ್ದೆ. ಕೃಷಿ ಸಾಲದ ವಿಭಾಗ. ಜಲಂಗಿ ನದಿ ಪಕ್ಕದ ಹಳ್ಳಿಗಳನ್ನು ಸುತ್ತುವುದೇ ಕೆಲಸ. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಊರಿಗೆ ಊರೇ ಕೊಳೆತ ಸೆಣಬಿನ ವಾಸನೆ ಹೊಡೆಯುತ್ತದೆ. ಕಟ್ಟು ಕಟ್ಟಿ ನೀರಲ್ಲಿ ನೆನೆಹಾಕಿ, ತೊಡೆಮಟ್ಟ ನೀರಲ್ಲಿ ನಿಂತು ನಾರು ಬಿಡಿಸುತ್ತಾರೆ. ಹಾಗೆ ನಿಂತಿದ್ದ ಒಬ್ಬ ಮುದುಕರು ಕೈಕೆಲಸದ ಲಯಕ್ಕೇ ಏನೋ ಗುನುಗುತ್ತಿದ್ದರು. ನಾನು ದಡದಲ್ಲಿ ಕೊಡೆ ಹಿಡಿದು ನಿಂತು ಕೇಳಿದೆ. ಸಾಲದ ಕಾಗದ ಮುಗಿದ ಮೇಲೆ, 'ಸಂಜೆ ಮನೆಗೆ ಬಾ ಬಾಬು, ಕೂತು ಕೇಳುವಂತೆ' ಅಂದರು. ಅವರನ್ನು ನಾನು ಕಾಕಾ ಅಂತ ಕರೆದೆ. ಬಂಗಾಳದಲ್ಲೂ ಕಾಕಾ, ನಮ್ಮ ಧಾರವಾಡದಲ್ಲೂ ಕಾಕಾ, ಅದೊಂದು ಪದಕ್ಕೆ ನನಗೆ ಭಾಷೆ ಕಲಿಯಬೇಕಾಗಿರಲಿಲ್ಲ.

ಸಂಜೆ ಅಂಗಳದಲ್ಲಿ ಚಾಪೆ ಹಾಕಿದರು. ಒಳಗಿನಿಂದ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಹಳೇ ನೋಟ್‌ಬುಕ್ ತಂದು, ಹಣೆಗೆ ಒತ್ತಿಕೊಂಡು, ಆಮೇಲೆ ಬಿಚ್ಚಿದರು. ಅವರ ಅಪ್ಪ ಯಾರದೋ ಪುಸ್ತಕ ನೋಡಿ ಕೈಯಲ್ಲಿ ನಕಲು ಮಾಡಿದ್ದಂತೆ. ಪುಟದ ಅಂಚನ್ನು ಗೆದ್ದಲು ತಿಂದಿತ್ತು. ಹಾಡುತ್ತಾ ಹಾಡುತ್ತಾ ಒಂದು ಕಡೆ ಸಾಲು ತಪ್ಪಿತು. ಒಲೆ ಮುಂದೆ ಕೂತು ಅನ್ನ ಬಸಿಯುತ್ತಿದ್ದ ಅವರ ಹೆಂಡತಿ ತಿರುಗಿಯೂ ನೋಡದೆ ಸರಿಯಾದ ಪದ ಹೇಳಿಕೊಟ್ಟರು. ಕಾಕಾ ಅದನ್ನೇ ಹಿಡಿದು ಮುಂದೆ ಹಾಡಿದರು. ಎರಡನೇ ಸಲವೂ ಹಾಗೇ ಆಯಿತು. ನೋಟ್‌ಬುಕ್ ಗಂಡಸರ ಕೈಯಲ್ಲಿತ್ತು, ಹಾಡು ಪೂರ್ತಿ ಇದ್ದದ್ದು ಆ ತಾಯಿಯ ಬಾಯಲ್ಲಿ. ಆ ಹೊತ್ತಿನಲ್ಲಿ ಅವರನ್ನೂ ಕೂರಿಸಿ ಕೇಳಬೇಕು ಅಂತ ನನಗೆ ಹೊಳೆಯಲಿಲ್ಲ. ಇವತ್ತಿಗೂ ಅದು ನನಗೆ ಸಂಕಟ. ಈ ಹಾಡುಗಳನ್ನು ಹುಡುಕಿಕೊಂಡು ಹೋದ ಬಹಳ ಜನ ಅದನ್ನೇ ಮಾಡಿದ್ದಾರೆ ಅನ್ನಿಸುತ್ತದೆ. ಚಾಪೆ ಮೇಲೆ ಕೂತವರನ್ನು ಮಾತಾಡಿಸಿ ಎದ್ದು ಬಂದಿದ್ದಾರೆ.

'ಕಾಕಾ, ನೀವು ಬಾವುಲರಾ?' ಅಂತ ಕೇಳಿದೆ. ಅವರು ತಲೆ ಅಲ್ಲಾಡಿಸಿದರು. 'ಅಲ್ಲ. ನಮ್ಮದು ದೀನದಯಾಳನ ಮನೆ.' ಅರ್ಥ ಕೇಳಿದರೆ ಹೇಳಲಿಲ್ಲ. ತನ್ನ ಸಾಧನೆಯ ಮಾತನ್ನು ಎಲ್ಲೆಂದರಲ್ಲಿ ಆಡಬಾರದು ಅನ್ನುವ ಅವರ ಕಡೆಯ ಗಾದೆಯೊಂದನ್ನು ಹೇಳಿ ನೋಟ್‌ಬುಕ್ ಕಟ್ಟಿಟ್ಟರು.

ದೀನದಯಾಳನ ಮನೆ ಅಂದರೆ ಸಾಹೇಬಧನಿ ಪಂಥ ಅಂತ ನನಗೆ ಗೊತ್ತಾಗಿದ್ದು ಸುಧೀರ್ ಚಕ್ರವರ್ತಿಯವರ ಪುಸ್ತಕದಿಂದ. ಅವರು ಕೃಷ್ಣನಗರದವರೇ, ಬಂಗಾಳಿ ಮೇಷ್ಟ್ರು. ವರ್ಷಗಟ್ಟಲೆ ನದಿಯಾದ ಹಳ್ಳಿಹಳ್ಳಿ ತಿರುಗಿ, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಸಣ್ಣ ಸಣ್ಣ ಪಂಥಗಳವರ ಜೊತೆ ಕೂತು ಎದ್ದು, ಅವರ ಹಾಡು ಸಂಗ್ರಹಿಸಿದವರು. ಸಾಹೇಬಧನಿಗಳ ಮೇಲಿನ ಪುಸ್ತಕ 1985ರಲ್ಲಿ ಬಂತು, ಅದರ ಬೆನ್ನಿಗೇ ಬಲಾಹಾಡಿಗಳ ಮೇಲಿನದು. ಎರಡರ ಹೆಸರಿನಲ್ಲೂ 'ಪಂಥ ಮತ್ತು ಅವರ ಹಾಡು' ಅಂತಲೇ ಇದೆ. ಮೊದಲು ಜನ, ಆಮೇಲೆ ಹಾಡು. 2004ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 2020ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ಊರಲ್ಲೇ ಮೂರು ವರ್ಷ ಇದ್ದೆ, ಒಂದು ದಿನ ಹೋಗಿ ನಮಸ್ಕಾರ ಹೇಳಲಿಲ್ಲ.

ಸಾಹೇಬಧನಿಗಳ ಮೂಲ ಊರು ವೃತ್ತಿಹುದಾ. ಪಂಥ ಬೆಳೆಸಿದ ಚರಣ್ ಪಾಲ್ ದನ ಕಾಯುವ ಗೋಪ ಜಾತಿಯವರು. ಅವರ ಶಿಷ್ಯ ಕುಬಿರ್ ಗೋಸಾಯಿ, ಜುಗಿ ಅನ್ನುವ ನೇಕಾರ ಜಾತಿಯವರು, 1787ರಿಂದ 1879ರವರೆಗೆ ಬದುಕಿದ್ದರು, ಸಾವಿರಕ್ಕೂ ಹೆಚ್ಚು ಹಾಡು ಕಟ್ಟಿದ್ದಾರೆ. ಈ ಪಂಥದ ಮಂತ್ರದಲ್ಲಿ ಅಲ್ಲಾ ಮತ್ತು ದೀನದಯಾಳ ಒಂದೇ ಉಸಿರಲ್ಲಿ ಬರುತ್ತಾರೆ. ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ಕೂತು ಉಣ್ಣುತ್ತಾರೆ. ಚೈತ್ರದಲ್ಲಿ ಅಗ್ರದ್ವೀಪದ ಜಾತ್ರೆಗೆ ಹೋಗಿ ಬೀಡು ಬಿಡುತ್ತಾರೆ. ಆ ಜಾತ್ರೆಯದೇ ಒಂದು ಚೆಂದದ ಕಥೆ ಇದೆ: ಮಕ್ಕಳಿಲ್ಲದೆ ತೀರಿಕೊಂಡ ಗೋವಿಂದ ಘೋಷ್ ಅನ್ನುವ ಭಕ್ತನಿಗೆ ಅಲ್ಲಿ ಪ್ರತಿ ವರ್ಷ ಗೋಪಿನಾಥ ದೇವರೇ ಮಗನ ಸ್ಥಾನದಲ್ಲಿ ನಿಂತು ಶ್ರಾದ್ಧ ಮಾಡುತ್ತಾನೆ.

ನಿಮ್ಮ ಚೌಕಟ್ಟಿನ ಹಾಡು ಈ ಕುಬಿರ್ ಗೋಸಾಯಿಯವರದ್ದು. ರಾಮಕೃಷ್ಣ ಪರಮಹಂಸರಿಗೆ ಅದು ತುಂಬಾ ಇಷ್ಟ, ಮತ್ತೆ ಮತ್ತೆ ಹಾಡುತ್ತಿದ್ದರು. ನಮ್ಮಲ್ಲಿ 'ವಚನವೇದ' ಓದಿದ ಮನೆಗಳು ಎಷ್ಟಿಲ್ಲ? ಅಲ್ಲಿ ಆ ಹಾಡು ನೋಡಿದವರು ಸಾವಿರಾರು ಜನ ಇರುತ್ತಾರೆ. ಮೂಲ ಹಾಡಿನ ಕೊನೆಯಲ್ಲಿ 'ಕುಬಿರ್ ಹೇಳುತ್ತಾನೆ' ಅಂತ ಅಂಕಿತ ಇದೆ. ಓದುವವರು ಅದನ್ನು ಕಬೀರ ಅಂದುಕೊಂಡು ಮುಂದೆ ಹೋಗುತ್ತಾರೆ, ನಾನೂ ಹಾಗೇ ಮುಂದೆ ಹೋದವನು. ಹೆಸರು ಕಣ್ಣೆದುರಿಗೇ ಇದ್ದೂ ಆ ನೇಕಾರ ಯಾರು, ಯಾವ ಊರು, ಯಾರ ಶಿಷ್ಯ ಅಂತ ಕೇಳಿದವರು ಕಡಿಮೆ.

ಈಗ 'ದೇವರ' ಪದಕ್ಕೆ ಬರುತ್ತೇನೆ. ಬಂಗಾಳಿಯಲ್ಲಿ ಇರುವುದು ಬರೀ 'ರೂಪಸಾಗರ'. ಇಂಗ್ಲಿಷಿಗೆ ಹೋಗುವಾಗ ಅದು 'ದೇವರ ಸೌಂದರ್ಯದ ಕಡಲು' ಆಯಿತು. ನಿಮ್ಮ ಲೇಖಕರು ಇಂಗ್ಲಿಷಿನಿಂದ ತಂದಿದ್ದಾರೆ ಅಂತ ಕಾಣುತ್ತದೆ. ಒಂದೇ ಪದ, ಏನು ಮಹಾ ಅನ್ನಿಸಬಹುದು. ಆದರೆ ಈ ಪಂಥಗಳವರ ಮಾತಿನಲ್ಲಿ ಎರಡು ದಾರಿಗಳಿವೆ, ಅನುಮಾನ ಮತ್ತು ವರ್ತಮಾನ. ಇಲ್ಲಿ ಅನುಮಾನ ಅಂದರೆ ಸಂಶಯ ಅಲ್ಲ, ಊಹೆ. ಕಣ್ಣಿಗೆ ಕಾಣದ ದೇವರು, ಸ್ವರ್ಗ, ಶಾಸ್ತ್ರ ಹೇಳಿದ್ದು ಅಂತ ನಂಬುವುದೆಲ್ಲ ಅನುಮಾನ. ಎದುರಿಗಿರುವ ಮನುಷ್ಯ, ಈ ಮೈ, ಈ ಉಸಿರು, ಕೈಗೆ ಸಿಗುವ ಗುರು ಇವೆಲ್ಲ ವರ್ತಮಾನ. ಅವರು ವರ್ತಮಾನದವರು. ಅವರಿಗೆ ರೂಪ ಅಂದರೆ ಮನುಷ್ಯನ ರೂಪ. ಅದಕ್ಕೇ ಅವರನ್ನು ಮಂದಿರದವರೂ ಮಸೀದಿಯವರೂ ಹತ್ತಿರ ಸೇರಿಸಲಿಲ್ಲ. ಆ ಒಂದು ಪದ ಸೇರಿಸಿದ ಕೂಡಲೇ ಅವರು ಯಾವುದನ್ನು ಬಿಟ್ಟು ಬಂದರೋ ಅಲ್ಲಿಗೇ ಅವರನ್ನು ವಾಪಸ್ ಕಳಿಸಿದಂತೆ ಆಗುತ್ತದೆ.

ಇದನ್ನು ಕನ್ನಡದವರಿಗೆ ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ನಾನು ಹುಟ್ಟಿದ್ದು ಶಿಗ್ಗಾವಿ ಕಡೆ. ಅಮಾವಾಸ್ಯೆ ಅಮಾವಾಸ್ಯೆಗೆ ಭಜನೆ. ಶರೀಫಜ್ಜನ ಪದದಲ್ಲಿ ಮಾಳಿಗೆ ಸೋರುತ್ತದೆ ಅಂದರೆ ಸೋರುವುದು ಮನೆಯಲ್ಲ, ಈ ಮೈ ಮತ್ತು ಮನಸ್ಸು ಅಂತ ಓದು ಬರಹ ಬಾರದ ನಮ್ಮ ಅಜ್ಜಿಗೂ ಗೊತ್ತಿತ್ತು. ಕುಬಿರ್ ಗೋಸಾಯಿಯವರ ಆ ಹಾಡಿನ ಕೊನೆಗೆ ಒಣನೆಲದ ಮೇಲೆ ದೋಣಿ ನಡೆಸುವವನು ಯಾರು ಅನ್ನುವ ಪ್ರಶ್ನೆ ಬರುತ್ತದೆ. ಅದನ್ನು ನಮ್ಮ ಭಜನೆ ಮನೆಯಲ್ಲಿ ಹಾಡಿದರೆ ಅಲ್ಲಿದ್ದವರು ಗುರು ಅಂತ ತಾವೇ ಉತ್ತರ ಕೊಡುತ್ತಾರೆ. ಬಂಗಾಳಿಯಿಂದ ನೇರವಾಗಿ ಕನ್ನಡಕ್ಕೆ ತಂದರೆ ತತ್ವಪದದ ಮಾತು ತಾನಾಗಿಯೇ ಕೈಗೆ ಬರುತ್ತದೆ. ನಡುವೆ ಇಂಗ್ಲಿಷ್ ಯಾಕೆ ಬೇಕು?

ಬಲಾಹಾಡಿಗಳ ವಿಷಯ. ಹಾಡಿ ಅನ್ನುವುದು ಬಂಗಾಳದಲ್ಲಿ ಊರ ಹೊರಗೆ ಇಟ್ಟಿದ್ದ ಜಾತಿ, ಕಸ ಬಳಿಯುವ, ಹಂದಿ ಸಾಕುವ ಕೆಲಸ ಅವರದು. ಆ ಜಾತಿಯ ಬಲರಾಮ್ ಅನ್ನುವವರು ಮೆಹೆರ್‌ಪುರದ ಮಲ್ಲಿಕ್ ಜಮೀನ್ದಾರರ ಮನೆಯಲ್ಲಿ ಕಾವಲುಗಾರರಾಗಿದ್ದರು. ಆ ಮನೆಯ ದೇವರ ಒಡವೆ ಕಳುವಾಯಿತು. ಅನುಮಾನ ಇನ್ಯಾರ ಮೇಲೆ ಬರುತ್ತದೆ? ಕಟ್ಟಿ ಹೊಡೆದರು. ಅವರು ಊರು ಬಿಟ್ಟರು. ಎಷ್ಟೋ ವರ್ಷ ಆದ ಮೇಲೆ ವಾಪಸ್ ಬಂದು ತಮ್ಮದೇ ಪಂಥ ಕಟ್ಟಿದರು. 'ಹಾಡಿ ಅಂದರೆ ನಿಮ್ಮ ಜಾತಿಯಲ್ಲ, ಹಾಡ್ ಅಂದರೆ ಮೂಳೆ, ಮೂಳೆ ಮಾಡಿದವನೇ ಹಾಡಿ' ಅಂತ ಅವರು ಹೇಳುತ್ತಿದ್ದರಂತೆ. ಬೈಗುಳವಾಗಿದ್ದ ಪದ ಸೃಷ್ಟಿಕರ್ತನ ಹೆಸರಾಯಿತು. ಶಿಷ್ಯರು ಅವರನ್ನು ಹಾಡಿರಾಮ ಅಂತ ಹಾಡಿದರು.

ಬಲರಾಮ್ ಬಗ್ಗೆ ಇನ್ನೊಂದು ಕಥೆಯನ್ನು ಬಂಗಾಳಿ ಲೇಖಕ ಅಕ್ಷಯಕುಮಾರ ದತ್ತರು 19ನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ. ನದಿಯಲ್ಲಿ ಬ್ರಾಹ್ಮಣರು ತರ್ಪಣ ಕೊಡುತ್ತಿದ್ದಾರೆ. ಬಲರಾಮ್ ಪಕ್ಕದಲ್ಲಿ ನಿಂತು ಬೊಗಸೆಯಲ್ಲಿ ನೀರು ತೆಗೆದು ದಡಕ್ಕೆ ಎರಚುತ್ತಿದ್ದಾರೆ. ಏನು ಮಾಡ್ತಿದ್ದೀಯೋ ಅಂದರೆ, ಸೊಪ್ಪಿನ ಹೊಲಕ್ಕೆ ನೀರು ಹಾಯಿಸುತ್ತಿದ್ದೇನೆ ಅಂದರಂತೆ. ಇಲ್ಲೆಲ್ಲಿದೆ ಹೊಲ? ನೀವು ಕೊಟ್ಟ ನೀರು ಸತ್ತ ಹಿರಿಯರಿಗೆ ಮುಟ್ಟುತ್ತೆ ಅಂದಮೇಲೆ ನನ್ನದು ಹೊಲಕ್ಕೆ ಯಾಕೆ ಮುಟ್ಟಲ್ಲ? ಗುರು ನಾನಕರ ಬಗ್ಗೆಯೂ ಇಂಥದ್ದೇ ಕಥೆ ಇದೆ, ಗೊತ್ತು. ಆದರೆ ದೇವರ ಒಡವೆ ಕದ್ದ ಅಂತ ಏಟು ತಿಂದ ಮನುಷ್ಯನ ಬಾಯಲ್ಲಿ ಅದಕ್ಕೆ ಬೇರೆಯೇ ಬಿಸಿ ಇದೆ.

ಈ ಪಂಥಕ್ಕೆ ಬಂದವರು ಹಾಡಿಗಳು, ಚಪ್ಪಲಿ ಹೊಲಿಯುವ ಮುಚಿಗಳು, ಬಾಗ್ದಿಗಳಂಥ ಕೆಳಗೆ ಇಟ್ಟ ಜಾತಿಗಳವರು, ಕೆಲವು ಮುಸ್ಲಿಮರು. ಮೂರ್ತಿ ಇಲ್ಲ, ಪುರೋಹಿತರಿಲ್ಲ. 1947ರಲ್ಲಿ ನದಿಯಾ ಜಿಲ್ಲೆಯನ್ನೇ ಕೊಯ್ದು ಎರಡು ಮಾಡಿದರು. ಮೆಹೆರ್‌ಪುರ ಈಗ ಬಾಂಗ್ಲಾದೇಶವಾಗಿರುವ ಕಡೆ ಹೋಯಿತು, ನಿಶ್ಚಿಂತಪುರದಂಥ ಊರುಗಳಲ್ಲಿದ್ದ ಭಕ್ತರು ಈ ಕಡೆ ಉಳಿದರು. ಬಲರಾಮ್ ಹುಟ್ಟಿದ ಊರಿಗೆ ಹೋಗಿ ಬರುವುದಕ್ಕೂ ಗಡಿ ದಾಟಬೇಕು. ಇವರನ್ನೂ 'ಬಾವುಲರು' ಅಂತ ಒಂದೇ ಚೀಲಕ್ಕೆ ತುಂಬಿದರೆ ಈ ಏಟು, ಈ ಜಾತಿ, ಈ ಗಡಿ ಯಾವುದೂ ಕಾಣುವುದಿಲ್ಲ. ಕಾವಿ ಬಟ್ಟೆ ಮಾತ್ರ ಕಾಣುತ್ತದೆ. ಅಂದಹಾಗೆ ಬಾವುಲ್ ಹಾಡುಗಾರರಲ್ಲಿ ಎಲ್ಲರಿಗಿಂತ ಹೆಸರಾದ ಲಾಲನ್ ಫಕೀರರ ಪರಂಪರೆಯವರು ತೊಡುವುದು ಕಾವಿಯಲ್ಲ, ಬಿಳಿ. ಹೆಣಕ್ಕೆ ಹೊದಿಸುವ ಬಟ್ಟೆಯ ಬಿಳಿ. ದೀಕ್ಷೆ ತೆಗೆದುಕೊಂಡವರು ಬದುಕಿರುವಾಗಲೇ ಸತ್ತವರು ಅಂತ ಲೆಕ್ಕ.

ಲಾಲನ್ ಬಗ್ಗೆ ಲೇಖನದಲ್ಲಿ ಸಾಕಷ್ಟಿದೆ, ನಾನು ಹೆಚ್ಚು ಬರೆಯುವುದಿಲ್ಲ. ಅವರು ಈಗಿನ ಬಾಂಗ್ಲಾದೇಶದ ಕುಷ್ಟಿಯಾ ಹತ್ತಿರ ಛೆಉಡಿಯಾದಲ್ಲಿ ತೀರಿಕೊಂಡದ್ದು 1890ರ ಅಕ್ಟೋಬರ್ 17ಕ್ಕೆ. ನಮ್ಮ ಶರೀಫಜ್ಜ ತೀರಿಕೊಂಡದ್ದು 1889ರಲ್ಲಿ. ಒಬ್ಬರ ಹೆಸರು ಇನ್ನೊಬ್ಬರು ಕೇಳಿರಲಿಕ್ಕಿಲ್ಲ, ಆದರೂ ನೀನು ಹಿಂದೂವೋ ಮುಸ್ಲಿಮನೋ ಅನ್ನುವ ಒಂದೇ ಪ್ರಶ್ನೆಯನ್ನು ಇಬ್ಬರಿಗೂ ಜೀವನಪೂರ್ತಿ ಕೇಳಿದರು. ಇದರಲ್ಲಿ ಲೇಖಕರು ಒಂದು ಮಾತು ಬಿಟ್ಟಿದ್ದಾರೆ. ರವೀಂದ್ರನಾಥ ಠಾಕೂರರು 1915ರ ಹೊತ್ತಿಗೆ 'ಪ್ರವಾಸಿ' ಪತ್ರಿಕೆಯಲ್ಲಿ ಲಾಲನ್ ಹಾಡುಗಳನ್ನು ಅಚ್ಚು ಹಾಕಿಸಿದರು, ಹೊರಗಿನ ಲೋಕಕ್ಕೆ ಲಾಲನ್ ಗೊತ್ತಾಗಿದ್ದು ಹಾಗೆ, ಅದು ದೊಡ್ಡ ಉಪಕಾರ. ಲಾಲನ್ ಹಾಡಿನ ಎರಡು ಕೈಬರಹದ ಪುಸ್ತಕಗಳು ಇವತ್ತಿಗೂ ಶಾಂತಿನಿಕೇತನದ ರವೀಂದ್ರ ಭವನದಲ್ಲಿವೆ. ಆದರೆ ಛೆಉಡಿಯಾದ ಅಖಾಡದವರು, ಅಂದರೆ ಲಾಲನ್ ಆಶ್ರಮದ ಶಿಷ್ಯರು, ಬಹಳ ಕಾಲ ಹೇಳುತ್ತಿದ್ದ ಮಾತೂ ಒಂದಿದೆ: ನಮ್ಮ ಅಸಲಿ ಪುಸ್ತಕ ರವಿಬಾಬು ತೆಗೆದುಕೊಂಡು ಹೋದರು, ವಾಪಸ್ ಬರಲಿಲ್ಲ. ನಿಜ ಏನೇ ಇರಲಿ, ಆ ಮಾತಿನಲ್ಲಿರುವ ನೋವು ಸುಳ್ಳಲ್ಲ. ಕೆಂಪು ಬಟ್ಟೆಯಲ್ಲಿ ಸುತ್ತಿ ಹಣೆಗೆ ಒತ್ತಿಕೊಳ್ಳುವ ಪುಸ್ತಕ ಅದು. ನಮಗೆ ಅದು ಆಕರ, ಅವರಿಗೆ ಗುರು.

ಮುಂದೆ ಶಾಂತಿನಿಕೇತನದ ವಿದ್ವಾಂಸ ಕ್ಷಿತಿಮೋಹನ್ ಸೇನ್ ಸಂಗ್ರಹಿಸಿದ ಬಾವುಲ್ ಹಾಡುಗಳ ಬಗ್ಗೆ ಸಂಶೋಧಕ ಉಪೇಂದ್ರನಾಥ್ ಭಟ್ಟಾಚಾರ್ಯರು ಅನುಮಾನ ಎತ್ತಿದರು. ಇವು ತೀರಾ ನಯವಾಗಿವೆ, ಎಲ್ಲಿ ಯಾರಿಂದ ಸಿಕ್ಕಿದ್ದು ಅಂತ ಇಲ್ಲ ಅಂದರು. ಓದಿದವರಿಗೆ ಇಷ್ಟವಾಗುವಂಥ ಬಾವುಲ್ ಒಬ್ಬನನ್ನು ಓದಿದವರೇ ತಯಾರು ಮಾಡಿಕೊಳ್ಳುವ ಅಪಾಯ ಆಗಲೇ ಇತ್ತು. 2005ರಲ್ಲಿ ಯುನೆಸ್ಕೊ ಬಾವುಲ್ ಹಾಡುಗಳನ್ನು ಮನುಕುಲದ ಪರಂಪರೆಯ ಅಮೂಲ್ಯ ಕೃತಿ ಅಂತ ಘೋಷಿಸಿತು. ಒಳ್ಳೆಯದೇ. ಆದರೆ ಆ ಕಾಗದದಲ್ಲೂ ಹೆಸರು ಬಾವುಲ್ ಒಂದೇ.

ಇವರು 'ಲೋಕದ ಚಿಂತೆ ಇಲ್ಲದವರು' ಅಂತ ಲೇಖನ ಹೇಳುತ್ತದೆ. ಲೋಕಕ್ಕೆ ಇವರ ಚಿಂತೆ ಚೆನ್ನಾಗಿಯೇ ಇತ್ತು. 19ನೇ ಶತಮಾನದ ಕವಿ ದಾಶರಥಿ ರಾಯ್ ಇಂಥದ್ದೇ ಇನ್ನೊಂದು ಪಂಥವಾದ ಕರ್ತಾಭಜಾದವರನ್ನು ಹಂಗಿಸಿ ಪಾಂಚಾಲಿ ಅನ್ನುವ ಹಾಡುಗಥೆ ಬರೆದರು, ಕೋಲ್ಕತ್ತಾದ ದೊಡ್ಡ ಮನೆಗಳಲ್ಲಿ ಇವರೆಂದರೆ ಅಸಹ್ಯ. ಮುಸ್ಲಿಮರ ಕಡೆ 1920ರ ದಶಕದಲ್ಲಿ ರಂಗಪುರದ ಮೌಲಾನಾ ಒಬ್ಬರು ಬಾವುಲರನ್ನು ನಿರ್ಮೂಲ ಮಾಡಬೇಕು ಅಂತ ಫತ್ವಾ ಪುಸ್ತಕವನ್ನೇ ಅಚ್ಚು ಹಾಕಿಸಿದರು. ತಲೆಗೂದಲು ಕತ್ತರಿಸುವುದು, ಏಕತಾರಿ ಮುರಿಯುವುದು ಆಗಿನಿಂದಲೂ ನಡೆದಿದೆ. 2011ರಲ್ಲಿ ಬಾಂಗ್ಲಾದೇಶದ ರಾಜಬಾಡಿ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಾವುಲರ ಕೂದಲು, ಗಡ್ಡ ಮೀಸೆ ಕತ್ತರಿಸಿದರು. ಈ ಕಡೆ ಮುರ್ಶಿದಾಬಾದಿನಲ್ಲೂ ಫಕೀರರಿಗೆ ಊರಿನಿಂದ ಬಹಿಷ್ಕಾರ, ಹೊಡೆತ. ಬಹರಾಮ್‌ಪುರದ ಮೇಷ್ಟ್ರು ಶಕ್ತಿನಾಥ್ ಝಾ ಅವರು ಹಾಡು ಸಂಗ್ರಹಿಸಲು ಹೋದವರು ಅದನ್ನು ನೋಡಿ ಸುಮ್ನೆ ಬರಲಿಲ್ಲ. ಬಾವುಲ್ ಫಕೀರರ ಸಂಘ ಕಟ್ಟಲು ಜೊತೆ ನಿಂತರು, ಆ ದೌರ್ಜನ್ಯದ ಚರಿತ್ರೆಯನ್ನೇ ಬರೆದರು. ನನಗೆ ಸಂಶೋಧನೆ ಅಂದರೆ ಅದು. ಯಾರ ಹಾಡು ತಂದೆವೋ ಅವರ ತಲೆಗೂದಲಿಗೆ ಕತ್ತರಿ ಬಿದ್ದ ದಿನ ನಾವು ಎಲ್ಲಿದ್ದೆವು ಅನ್ನುವುದೂ ಅದರ ಭಾಗ ಅಲ್ವಾ?

ಲೇಖಕರ ಮೇಲೆ ನನಗೆ ಕೋಪ ಇಲ್ಲ. ಅವರಿಗೆ ಈ ಹಾಡುಗಳ ಮೇಲೆ ಪ್ರೀತಿ ಇರುವುದು ಪ್ರತಿ ಸಾಲಲ್ಲೂ ಗೊತ್ತಾಗುತ್ತದೆ. ಅದಕ್ಕೇ ಕೇಳುತ್ತಿದ್ದೇನೆ. ಬಂಗಾಳಿ ಬಲ್ಲ ಕನ್ನಡದವರು ನಮ್ಮಲ್ಲಿ ಇದ್ದಾರೆ. ಅವರಿಂದ ಸಾಹೇಬಧನಿಗಳ ಹತ್ತು ಹಾಡು, ಬಲಾಹಾಡಿಗಳ ಹತ್ತು ಹಾಡು ನೇರವಾಗಿ ಮಾಡಿಸಿ ಹಾಕಿ. ಪ್ರತಿ ಹಾಡಿನ ಕೆಳಗೆ ಕಟ್ಟಿದವರು ಯಾರು, ಯಾವ ಪಂಥ, ಯಾವ ಊರು, ಈಗ ಯಾರ ಬಾಯಿಂದ ಸಿಕ್ಕಿದ್ದು ಅಂತ ಬರೆಯಿರಿ. ಯಾರಾದರೂ ಹುಡುಗ ಹುಡುಗಿಯರು ಬಂಗಾಳಕ್ಕೆ ಹೋಗುವುದಾದರೆ ಬೀರಭೂಮ್ ಜಿಲ್ಲೆಯ ಕೇಂದುಲಿಯಲ್ಲಿ ಬಾವುಲರು ಸೇರುವ ಜಾತ್ರೆಯ ವೇದಿಕೆ ಮುಂದೆ ಕ್ಯಾಮೆರಾ ಹಿಡಿದು ನಿಂತು ಬರಬೇಡಿ ಅಂತ ಹೇಳಿ. ಸೆಣಬು ಕೊಳೆಯುವ ಕಾಲಕ್ಕೆ ನದಿಯಾದ ಹಳ್ಳಿಗಳಿಗೆ ಹೋಗಲಿ. ಒಲೆ ಮುಂದೆ ಕೂತವರನ್ನು ಮೊದಲು ಮಾತಾಡಿಸಲಿ.

ಅದೆಲ್ಲ ನಿಧಾನಕ್ಕೆ ಆಗುವ ಕೆಲಸ. ಈ ಭಾನುವಾರವೇ ಆಗಬಹುದಾದದ್ದು ಒಂದಿದೆ. ಆ ಚೌಕಟ್ಟನ್ನು ಇನ್ನೊಮ್ಮೆ ಅಚ್ಚು ಹಾಕಿ. 'ದೇವರ' ಅನ್ನುವ ಪದ ತೆಗೆಯಿರಿ. ಕೆಳಗೆ ಹೀಗೆ ಬರೆಯಿರಿ: ಕುಬಿರ್ ಗೋಸಾಯಿ, ಸಾಹೇಬಧನಿ ಪಂಥ, ವೃತ್ತಿಹುದಾ, ನದಿಯಾ ಜಿಲ್ಲೆ.

ಇಂತಿ ನಿಮ್ಮ ಓದುಗ,
ಧಾರವಾಡ